ದೇಹದ ಗಡಿಯಾರ ಮತ್ತು ನಮ್ಮ ನಡುರಾತ್ರಿಯ ಊಟ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಅನುಚರರ ಮೇಲೆ ಅವನ ಕರುಣೆ ಮತ್ತು ಶಾಂತಿ ಸದಾ ಇರಲಿ.

ಮಾನ್ಯ ಸಹೋದರರೇ,

ಇಂದಿನ ಖುತ್ಬಾವನ್ನು ನಾವು ಕ್ಷಮೆ ಕೇಳುವ ಮೂಲಕ ಆರಂಭಿಸಬೇಕಾಗಿದೆ. ಸುಮಾರು ಒಂದು ತಿಂಗಳ ಹಿಂದೆ ಇದೇ ಮಿಂಬರ್‌ನಲ್ಲಿ ನಿಂತು ಫಜ್ರ್ ನಮಾಝಿನ ಬಗ್ಗೆ ಮಾತನಾಡಿದ್ದೆವು. ನಮ್ಮ ಮಸೀದಿಯಲ್ಲಿ ಫಜ್ರ್‌ಗೆ ಒಂದೂವರೆ ಸಫ್, ರಾತ್ರಿ ಒಂದು ಗಂಟೆಗೆ ಪೇಟೆಯ ಶವರ್ಮಾ ಅಂಗಡಿಯ ಮುಂದೆ ಮೂರು ಸಫ್ ಎಂದು ಹೇಳಿದ್ದೆವು. ಬೆಳಗ್ಗೆ ಹತ್ತು ಗಂಟೆಯಾದರೂ ಹೊದ್ದು ಮಲಗಿರುವವರನ್ನು ಸೋಮಾರಿಗಳೆಂದು ಕರೆದೆವು. ಕೆಲವರು ನಕ್ಕರು, ಕೆಲವರು ತಲೆ ತಗ್ಗಿಸಿದರು. ಮಾತು ನಾಟಿತು ಎಂದು ನಮಗೂ ಒಳಗೊಳಗೇ ಸಮಾಧಾನವಾಯಿತು.

ನಮಾಝ್ ಮುಗಿದ ಮೇಲೆ ಒಬ್ಬ ಯುವಕ ಜನರೆಲ್ಲ ಹೋಗುವವರೆಗೂ ಕಂಬದ ಬಳಿ ಕಾದು ನಿಂತಿದ್ದ. ಹತ್ತಿರ ಬಂದು ಸಲಾಂ ಹೇಳಿ, “ಉಸ್ತಾದ್, ನನಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ರಾತ್ರಿ ಎಂಟಕ್ಕೆ ಹೋದರೆ ಬೆಳಗ್ಗೆ ಎಂಟಕ್ಕೆ ಬಿಡುತ್ತಾರೆ. ಫಜ್ರನ್ನು ವಾರ್ಡಿನ ಮೂಲೆಯಲ್ಲಿ ಮುಸಲ್ಲಾ ಹಾಸಿ ನಿರ್ವಹಿಸುತ್ತೇನೆ. ಹತ್ತು ಗಂಟೆಗೆ ನಾನು ಮಲಗಿರುವುದು ನಿಜ. ಆದರೆ ನಿಮ್ಮ ಮಾತು ಮೈಕಿನಲ್ಲಿ ಮನೆಗೂ ಕೇಳಿಸಿರುತ್ತದೆ. ಉಮ್ಮ ಕೇಳಿಸಿಕೊಂಡಿರುತ್ತಾರೆ” ಎಂದ. ಸ್ವಲ್ಪ ತಡೆದು, “ಮೂರು ವರ್ಷದಿಂದ ಹೊಟ್ಟೆ ಸರಿ ಇಲ್ಲ ಉಸ್ತಾದ್. ತಿನ್ನುವುದು ಮೊದಲಿನಷ್ಟೇ, ತೂಕ ಮಾತ್ರ ಏರುತ್ತಿದೆ. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರ್ ಹೇಳಿದ್ದಾರೆ. ದುಆ ಮಾಡಿ” ಎಂದ.

ನಮ್ಮಲ್ಲಿ ಉತ್ತರ ಇರಲಿಲ್ಲ. ಅಂದು ರಾತ್ರಿ ಆ ಮಾತು ನಮ್ಮನ್ನು ಬಿಡಲಿಲ್ಲ. ತಿನ್ನುವುದು ಮೊದಲಿನಷ್ಟೇ ಆಗಿದ್ದರೆ ತೂಕ ಏಕೆ ಏರಬೇಕು? ನಾವು ಮದ್ರಸಾದಲ್ಲಿ ಓದಿದವರು, ನಂತರ ಬಿ.ಎ. ಮಾಡಿದವರು, ವಿಜ್ಞಾನದ ವಿದ್ಯಾರ್ಥಿಯಲ್ಲ. ಆದ್ದರಿಂದ ಓದಿದ್ದನ್ನು ನಮ್ಮ ಜಮಾಅತಿನ ಇಬ್ಬರು ವೈದ್ಯರ ಮುಂದಿಟ್ಟು ತಿದ್ದಿಸಿಕೊಂಡು, ಆ ಯುವಕನ ಅನುಮತಿಯನ್ನೂ ಪಡೆದು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ತಲೆಯೊಳಗಿನ ಗಡಿಯಾರ

ಸಹೋದರರೇ, ರಾತ್ರಿ ಮತ್ತು ಹಗಲಿನ ಸರದಿಯನ್ನು ಕುರ್‌ಆನ್ ಮತ್ತೆ ಮತ್ತೆ ನಮ್ಮ ಕಣ್ಣ ಮುಂದೆ ತರುತ್ತದೆ. ಸೂರಃ ಅನ್ನಬಅ್‌ನಲ್ಲಿ ನಿದ್ದೆಯನ್ನು ವಿಶ್ರಾಂತಿಗಾಗಿ, ರಾತ್ರಿಯನ್ನು ಹೊದಿಕೆಯಾಗಿ, ಹಗಲನ್ನು ಜೀವನೋಪಾಯಕ್ಕಾಗಿ ಮಾಡಿಕೊಟ್ಟಿರುವುದನ್ನು ಅಲ್ಲಾಹನು ನೆನಪಿಸುತ್ತಾನೆ. ಈ ಸರದಿ ಆಕಾಶದಲ್ಲಿ ಮಾತ್ರ ನಡೆಯುತ್ತದೆ ಎಂದು ನಾವು ತಿಳಿದಿದ್ದೆವು. ಅದು ನಮ್ಮ ಮೈಯೊಳಗೂ ನಡೆಯುತ್ತದೆ.

1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ಖಗೋಳ ವಿಜ್ಞಾನಿ ನಮ್ಮ ಗದ್ದೆಬದಿಯಲ್ಲಿ ಬೆಳೆಯುವ ನಾಚಿಕೆ ಮುಳ್ಳಿನ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿ ಇಟ್ಟು ನೋಡಿದ. ಹಗಲು ಎಲೆ ಬಿಚ್ಚಿ ರಾತ್ರಿ ಮುಚ್ಚುವ ಗಿಡ ಅದು. ಬಿಸಿಲೇ ಕಾಣದಿದ್ದರೂ ಬೆಳಗಿನ ಹೊತ್ತಿಗೆ ಅದು ಎಲೆ ಬಿಚ್ಚಿತು, ಸಂಜೆಯ ಹೊತ್ತಿಗೆ ಮುಚ್ಚಿತು. ಹೊತ್ತು ಅದರೊಳಗೇ ಇತ್ತು.

ಮನುಷ್ಯರ ವಿಷಯದಲ್ಲೂ ಹೀಗೆಯೇ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರಾನ್ಸಿನ ಯುವಕ ಆಲ್ಪ್ಸ್ ಪರ್ವತದ ಹಿಮಗುಹೆಯೊಂದರಲ್ಲಿ ಗಡಿಯಾರವಿಲ್ಲದೆ, ಸೂರ್ಯನನ್ನು ಕಾಣದೆ ಸುಮಾರು ಎರಡು ತಿಂಗಳು ಕಳೆದ. ಸೆಪ್ಟೆಂಬರ್ 14ರಂದು ಅವನನ್ನು ಹೊರಗೆ ಕರೆದಾಗ ಅವನ ಲೆಕ್ಕದಲ್ಲಿ ಅದು ಆಗಸ್ಟ್ 20. ಮನಸ್ಸಿನ ಲೆಕ್ಕ ಇಪ್ಪತ್ತೈದು ದಿನ ತಪ್ಪಿತ್ತು. ಆದರೆ ಅವನು ಮಲಗಿದ, ಎದ್ದ ಸಮಯವನ್ನು ಮೇಲಿದ್ದವರು ಬರೆದಿಟ್ಟುಕೊಂಡಿದ್ದರು. ದೇಹ ಮಾತ್ರ ಸುಮಾರು ಇಪ್ಪತ್ತನಾಲ್ಕೂವರೆ ಗಂಟೆಯ ಲಯದಲ್ಲಿ ನಡೆದಿತ್ತು. ಮುಂದೆ 1999ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇನ್ನಷ್ಟು ಎಚ್ಚರದಿಂದ ಅಳೆದಾಗ ಮನುಷ್ಯನ ಒಳಗಡಿಯಾರದ ದಿನ ಸರಾಸರಿ 24 ಗಂಟೆ 11 ನಿಮಿಷ ಎಂದು ಕಂಡುಬಂತು. ‘ಸುಮಾರು ಒಂದು ದಿನ’ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಇದಕ್ಕೆ ಸರ್ಕೇಡಿಯನ್ ಲಯ ಎಂಬ ಹೆಸರು ಬಂದಿದೆ.

ಈ ಗಡಿಯಾರ ಎಲ್ಲಿದೆ? ಎರಡು ಕಣ್ಣುಗಳ ನರಗಳು ಮಿದುಳಿನಲ್ಲಿ ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಹೈಪೋಥಲಾಮಸ್ ಎಂಬ ಭಾಗದಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಜೋಡಿ ಕಣಗುಂಪು ಇದೆ. ಅದರಲ್ಲಿರುವುದು ಸುಮಾರು ಇಪ್ಪತ್ತು ಸಾವಿರ ನರಕೋಶಗಳು. 1972ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಮಿದುಳಿನಲ್ಲಿ ಇಷ್ಟೇ ಭಾಗವನ್ನು ನಾಶಮಾಡಿದಾಗ ಅವುಗಳ ಓಡಾಟಕ್ಕೂ ನೀರು ಕುಡಿಯುವುದಕ್ಕೂ ಹೊತ್ತು ಗೊತ್ತು ಇಲ್ಲದಂತಾಯಿತು. 1990ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಹುಟ್ಟಿನಿಂದಲೇ ಚಿಕ್ಕ ದಿನದ ಲಯವಿದ್ದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ ಈ ಭಾಗವನ್ನು ತೆಗೆದು, ಲಯ ಕಳೆದುಕೊಂಡ ಇನ್ನೊಂದಕ್ಕೆ ಕಸಿ ಮಾಡಿದರು. ಪಡೆದುಕೊಂಡ ಪ್ರಾಣಿ ಕೊಟ್ಟ ಪ್ರಾಣಿಯ ಲಯದಲ್ಲಿ ಬದುಕತೊಡಗಿತು.

ಈ ಗಡಿಯಾರ ದಿನವೂ ಹನ್ನೊಂದು ನಿಮಿಷದಷ್ಟು ಹಿಂದೆ ಬೀಳದಂತೆ ಸರಿಪಡಿಸುವುದು ಬೆಳಕು. ನಮ್ಮ ಕಣ್ಣಿನ ಪರದೆಯಲ್ಲಿ ನೋಡುವ ಕೋಶಗಳಲ್ಲದೆ, ಬೆಳಗಾಯಿತೋ ಕತ್ತಲಾಯಿತೋ ಎಂಬುದನ್ನು ಮಿದುಳಿಗೆ ತಿಳಿಸುವ ಬೇರೆ ಕೋಶಗಳೂ ಇರುವುದು 2002ರಲ್ಲಿ ಸ್ಪಷ್ಟವಾಯಿತು. ಅವು ಹೆಚ್ಚಾಗಿ ಸ್ಪಂದಿಸುವುದು ನೀಲಿ ಬೆಳಕಿಗೆ. ಬೆಳಗಿನ ಆಕಾಶದಲ್ಲಿ ಆ ಬೆಳಕು ಧಾರಾಳವಾಗಿದೆ. ಹಾಸಿಗೆಯಲ್ಲಿ ಮುಖದ ಮೇಲೆ ಹಿಡಿದ ಮೊಬೈಲಿನಲ್ಲೂ ಇದೆ. ರಾತ್ರಿ ಹನ್ನೆರಡಕ್ಕೆ ಪರದೆ ನೋಡುವವನ ಕಣ್ಣು ಮಿದುಳಿಗೆ ಇನ್ನೂ ಕತ್ತಲಾಗಿಲ್ಲ ಎಂಬ ಸುಳ್ಳು ಸಾಕ್ಷಿ ಹೇಳುತ್ತದೆ.

ಹಸಿವಿಗೂ ಹೊತ್ತಿದೆ

ನಿದ್ದೆಯ ಮಾತು ಹಲವರಿಗೆ ಗೊತ್ತು. ಅನ್ನಕ್ಕೂ ಗಡಿಯಾರ ಇದೆ ಎಂಬುದು ನಮಗೆ ಹೊಸದಾಗಿತ್ತು.

ನಮ್ಮ ಮನೆಗಳ ಬೆಕ್ಕನ್ನು ನೋಡಿ. ಮೀನಿನವನ ಹಾರ್ನ್ ಕೇಳುವ ಮೊದಲೇ ಅದು ಗೇಟಿನ ಬಳಿ ಹೋಗಿ ಕುಳಿತಿರುತ್ತದೆ. ಇಲಿಗಳಿಗೆ ದಿನವೂ ಒಂದೇ ಸಮಯಕ್ಕೆ ಆಹಾರ ಕೊಟ್ಟರೆ ಅವು ಕೆಲವೇ ದಿನಗಳಲ್ಲಿ ಆ ಸಮಯಕ್ಕೆ ಮುಂಚೆಯೇ ಎದ್ದು ಓಡಾಡತೊಡಗುತ್ತವೆ. ಮಿದುಳಿನ ಮುಖ್ಯ ಗಡಿಯಾರವನ್ನು ನಾಶಮಾಡಿದರೂ ಈ ಕಾಯುವಿಕೆ ನಿಲ್ಲುವುದಿಲ್ಲ. ಅಂದರೆ ಊಟದ ಹೊತ್ತನ್ನು ನೆನಪಿಡುವ ವ್ಯವಸ್ಥೆ ದೇಹದಲ್ಲಿ ಬೇರೆಯೇ ಇದೆ. ದಿನಾಲೂ ರಾತ್ರಿ ಒಂದಕ್ಕೆ ತಿನ್ನುವ ಹುಡುಗನಿಗೆ ರಾತ್ರಿ ಒಂದಕ್ಕೆ ನಿಜವಾಗಿಯೂ ಹಸಿವಾಗುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಆ ಹೊತ್ತಿನ ಹಸಿವನ್ನು ಕಲಿಸಿಕೊಟ್ಟದ್ದು ಅವನ ಅಭ್ಯಾಸ.

ಇನ್ನೊಂದು ವಿಚಿತ್ರವನ್ನು ಗಮನಿಸಿ. ರಾತ್ರಿಯಿಡೀ ಏನೂ ತಿನ್ನದೆ ಎದ್ದರೂ ಬೆಳಗ್ಗೆ ನಮಗೆ ಅಷ್ಟು ಹಸಿವಿರುವುದಿಲ್ಲ. ಸಂಜೆ ಚಹಾದ ಜೊತೆ ಕರಿದ ತಿಂಡಿ ತಿಂದಿದ್ದರೂ ರಾತ್ರಿ ಎಂಟಕ್ಕೆ ಹೊಟ್ಟೆ ಕೇಳುತ್ತದೆ. 2013ರಲ್ಲಿ ಅಮೆರಿಕದ ಸಂಶೋಧಕರು ಹನ್ನೆರಡು ಮಂದಿಯನ್ನು ಮಂದ ಬೆಳಕಿನ ಕೋಣೆಗಳಲ್ಲಿ ಇಟ್ಟು, ಊಟ ಮತ್ತು ನಿದ್ದೆಯನ್ನು ದಿನದ ಎಲ್ಲ ಗಂಟೆಗಳಿಗೂ ಹಂಚಿ ಪರೀಕ್ಷಿಸಿದರು. ದೇಹದ ಗಡಿಯಾರದ ಬೆಳಗಿನ ಎಂಟಕ್ಕೆ ಹಸಿವು ಅತಿ ಕಡಿಮೆ, ರಾತ್ರಿಯ ಎಂಟಕ್ಕೆ ಅತಿ ಹೆಚ್ಚು. ಕೊನೆಯ ಊಟ ಯಾವಾಗ ಮಾಡಿದರು ಎಂಬುದಕ್ಕಿಂತ ಹೊರತಾದ ಏರಿಳಿತ ಇದು. ರಾತ್ರಿಯ ಉಪವಾಸವನ್ನು ನಿದ್ದೆಗೆಡದೆ ದಾಟಲು ಅಲ್ಲಾಹನು ಮಾಡಿದ ಏರ್ಪಾಡು ಎಂದು ನಮಗೆ ಅನಿಸುತ್ತದೆ. ಆದರೆ ಆ ಎಂಟು ಗಂಟೆಯ ಹಸಿವನ್ನು ಹನ್ನೆರಡರವರೆಗೆ ಎಳೆದರೆ ಅದೇ ಏರ್ಪಾಡು ನಮಗೆ ಉರುಳಾಗುತ್ತದೆ.

ನಿದ್ದೆಗೆಟ್ಟರೆ ಹಸಿವು ಇನ್ನೂ ಕೆರಳುತ್ತದೆ. ಹೊಟ್ಟೆ ತುಂಬಿತು ಎಂದು ಮಿದುಳಿಗೆ ಹೇಳುವ ರಸದ ಹೆಸರು ಲೆಪ್ಟಿನ್. ಹಸಿವಾಗಿದೆ ಎಂದು ಹೇಳುವುದು ಗ್ರೆಲಿನ್. 2004ರಲ್ಲಿ ಷಿಕಾಗೋದಲ್ಲಿ ಹನ್ನೆರಡು ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ನಿದ್ದೆ ಕೊಟ್ಟು ನೋಡಿದರು. ಹಾಯಾಗಿ ಮಲಗಿದ ದಿನಗಳಿಗೆ ಹೋಲಿಸಿದರೆ ಲೆಪ್ಟಿನ್ ಶೇಕಡಾ 18ರಷ್ಟು ಇಳಿದಿತ್ತು, ಗ್ರೆಲಿನ್ ಶೇಕಡಾ 28ರಷ್ಟು ಏರಿತ್ತು. ಸಿಹಿ, ಉಪ್ಪಿನ ತಿನಿಸುಗಳ ಮೇಲೆ ಅವರ ಆಸೆ ಹೆಚ್ಚಾಗಿತ್ತು. ನಡುರಾತ್ರಿ ಯಾರೂ ಗಂಜಿ ಚಟ್ನಿ ಹುಡುಕಿಕೊಂಡು ಹೋಗುವುದಿಲ್ಲ ಏಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಹೊತ್ತು ತಪ್ಪಿದ ಅನ್ನ

ಮಿದುಳಿನಲ್ಲಿ ಮಾತ್ರವಲ್ಲ, ಯಕೃತ್ತು, ಕರುಳು, ಮೇದೋಜೀರಕ ಗ್ರಂಥಿಗಳಲ್ಲೂ ಚಿಕ್ಕ ಚಿಕ್ಕ ಗಡಿಯಾರಗಳಿವೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ಮಿದುಳಿನ ಗಡಿಯಾರ ಬೆಳಕನ್ನು ನೋಡಿ ನಡೆಯುತ್ತದೆ. ಯಕೃತ್ತಿನ ಗಡಿಯಾರ ಬಹುಮಟ್ಟಿಗೆ ಊಟವನ್ನು ನೋಡಿ ನಡೆಯುತ್ತದೆ. ಇಲಿ ರಾತ್ರಿ ತಿನ್ನುವ ಪ್ರಾಣಿ. 2000ರಲ್ಲಿ ಜಿನೀವಾದ ವಿಜ್ಞಾನಿಗಳು ಇಲಿಗಳಿಗೆ ಹಗಲಲ್ಲಿ ಮಾತ್ರ ಆಹಾರ ಕೊಟ್ಟಾಗ ಅವುಗಳ ಯಕೃತ್ತಿನ ಗಡಿಯಾರ ತಲೆಕೆಳಗಾಯಿತು. ಮಿದುಳಿನ ಗಡಿಯಾರ ಇದ್ದಲ್ಲೇ ಇತ್ತು. ಒಂದೇ ಮನೆಯಲ್ಲಿ ಎರಡು ಗಡಿಯಾರ, ಒಂದು ಹಗಲು ಎನ್ನುತ್ತದೆ, ಇನ್ನೊಂದು ರಾತ್ರಿ ಎನ್ನುತ್ತದೆ. ಅಂಥ ಮನೆಯಲ್ಲಿ ಅಡುಗೆ ಯಾವಾಗ ಮಾಡುವುದು?

2009ರಲ್ಲಿ ಅಮೆರಿಕದಲ್ಲಿ ಇಲಿಗಳ ಎರಡು ಗುಂಪಿಗೆ ಒಂದೇ ಬಗೆಯ ಕೊಬ್ಬಿನ ಆಹಾರವನ್ನು ಆರು ವಾರ ಕೊಟ್ಟರು. ತಮ್ಮ ಹೊತ್ತಿನಲ್ಲಿ ತಿಂದವುಗಳಿಗಿಂತ ಹೊತ್ತಲ್ಲದ ಹೊತ್ತಿನಲ್ಲಿ ತಿಂದವು ಬಹಳ ಹೆಚ್ಚು ದಪ್ಪಗಾದವು. 2012ರಲ್ಲಿ ಒಡಿಶಾ ಮೂಲದ ವಿಜ್ಞಾನಿ ಸಚ್ಚಿದಾನಂದ ಪಂಡ ಮತ್ತು ಸಂಗಡಿಗರು, ಅದೇ ಕೊಬ್ಬಿನ ಆಹಾರವನ್ನು ದಿನಕ್ಕೆ ಎಂಟು ಗಂಟೆಗಳ ಅವಧಿಯಲ್ಲಿ ಮಾತ್ರ ತಿಂದ ಇಲಿಗಳು ಇಡೀ ದಿನ ತಿನ್ನುತ್ತಿದ್ದ ಇಲಿಗಳಂತೆ ದಪ್ಪಗಾಗಲಿಲ್ಲ ಎಂದು ತೋರಿಸಿದರು. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಹಾಗೆಯೇ ಆಗಬೇಕೆಂದಿಲ್ಲ. ಆದರೆ ಮನುಷ್ಯರಲ್ಲೂ, ಒಂದೇ ಊಟವನ್ನು ಬೆಳಗ್ಗೆ ಎಂಟಕ್ಕೆ ಕೊಟ್ಟಾಗ ಇದ್ದುದಕ್ಕಿಂತ ರಾತ್ರಿ ಎಂಟಕ್ಕೆ ಕೊಟ್ಟಾಗ ರಕ್ತದ ಸಕ್ಕರೆ ಶೇಕಡಾ 17ರಷ್ಟು ಹೆಚ್ಚಾಗಿತ್ತು ಎಂದು 2015ರ ಅಧ್ಯಯನವೊಂದು ಕಂಡುಕೊಂಡಿದೆ. ಅದು ಎಂಟು ಗಂಟೆಯ ಮಾತು. ನಮ್ಮದು ಹನ್ನೆರಡು, ಒಂದು ಗಂಟೆಯ ಬಿರಿಯಾನಿ.

ಆ ಯುವಕನ ಪ್ರಶ್ನೆಗೆ ಅತ್ಯಂತ ಹತ್ತಿರದ ಉತ್ತರ ನಮಗೆ ಸಿಕ್ಕಿದ್ದು 2021ರ ಒಂದು ಪ್ರಯೋಗದಲ್ಲಿ. ಹತ್ತೊಂಬತ್ತು ಮಂದಿ ಆರೋಗ್ಯವಂತರನ್ನು ರಾತ್ರಿ ಪಾಳಿಯಂತೆಯೇ ಎಚ್ಚರವಿರಿಸಿದರು. ಒಂದು ಗುಂಪು ರಾತ್ರಿಯೂ ಊಟ ಮಾಡಿತು. ಇನ್ನೊಂದು ಗುಂಪು ರಾತ್ರಿ ಎಚ್ಚರವಿದ್ದರೂ ಹಗಲಲ್ಲಿ ಮಾತ್ರ ಊಟ ಮಾಡಿತು. ಮೊದಲ ಗುಂಪಿನವರ ಸಕ್ಕರೆ ಶೇಕಡಾ 6.4ರಷ್ಟು ಏರಿತು. ಎರಡನೆಯ ಗುಂಪಿನವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಕೆಲಸದ ಹೊತ್ತನ್ನು ಬದಲಿಸಲು ಆ ಯುವಕನ ಕೈಯಲ್ಲಿ ಸಾಧ್ಯವಿಲ್ಲ. ಊಟದ ಹೊತ್ತನ್ನು ಸ್ವಲ್ಪವಾದರೂ ಬದಲಿಸಲು ಸಾಧ್ಯವಿದೆ.

ಇಲ್ಲಿ ಒಂದು ಮಾತು. ವಿಜ್ಞಾನ ಹೀಗೆ ಹೇಳಿತು, ಆದ್ದರಿಂದ ನಮ್ಮ ದೀನ್ ಸತ್ಯ ಎಂದು ನಾವು ಹೇಳುತ್ತಿಲ್ಲ. ನಮಾಝನ್ನು ನಾವು ಸಕ್ಕರೆ ಇಳಿಸಲು ಮಾಡುವುದಲ್ಲ, ಉಪವಾಸವನ್ನು ತೂಕ ಇಳಿಸಲು ಹಿಡಿಯುವುದಲ್ಲ. ವಿಜ್ಞಾನದ ಮಾತು ನಾಳೆ ತಿದ್ದುಪಡಿಯಾಗಬಹುದು. ಆದರೆ ದೇಹ ಅಮಾನತ್ತು. ಅದು ಹೇಗೆ ನಡೆಯುತ್ತದೆ ಎಂದು ತಿಳಿದ ಮೇಲೂ ಅದನ್ನು ಕೆಡಿಸಿದರೆ ಅದಕ್ಕೆ ಉತ್ತರ ಹೇಳಬೇಕಾದವರು ನಾವು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾ ಇಬ್ನು ಅಮ್ರ್(ರ)ರಿಗೆ ಪ್ರವಾದಿ(ಸ)ರು ದೇಹಕ್ಕೂ ಕಣ್ಣಿಗೂ ನಿಮ್ಮ ಮೇಲೆ ಹಕ್ಕಿದೆ ಎಂಬ ಅರ್ಥದ ಮಾತನ್ನು ಹೇಳಿ ತಡೆದರು. ಆರಾಧನೆಗಾಗಿ ನಿದ್ದೆಗೆಟ್ಟವರನ್ನೇ ತಡೆದಿದ್ದಾರೆಂದರೆ, ರೀಲ್ಸ್ ನೋಡುತ್ತಾ ನಿದ್ದೆಗೆಡುವ ನಮಗೆ ಏನು ಹೇಳುತ್ತಿದ್ದರು?

ಗುಹೆಯ ಬಾವಲಿಗಳು

ಸಹೋದರರೇ, ನಮ್ಮನ್ನು ಅತಿ ಹೆಚ್ಚು ತಟ್ಟಿದ ಸಂಶೋಧನೆ ದೂರದ ದೇಶದ್ದಲ್ಲ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದ, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್ ಎಂಬ ವಿಜ್ಞಾನಿ ಮತ್ತು ಅವರ ಶಿಷ್ಯರು 1970ರ ದಶಕದ ಕೊನೆಯಲ್ಲಿ ಮಧುರೈ ಸುತ್ತಲಿನ ಗುಹೆಗಳ ಚಿಕ್ಕ ಬಾವಲಿಗಳನ್ನು ಗಮನಿಸಿದರು. ಹಗಲು ರಾತ್ರಿ ಒಂದೇ ಆಗಿರುವ ಗುಹೆಯ ಆಳದಲ್ಲಿ ಒಂದು ಬಾವಲಿಯನ್ನು ಪಂಜರದಲ್ಲಿಟ್ಟರು. ಅದಕ್ಕೆ ಬೆಳಕು ಕಾಣದು. ಆದರೆ ಸುತ್ತಲಿನ ಬಾವಲಿಗಳು ಸಂಜೆ ಹೊರಗೆ ಹಾರುವುದು, ಮರಳುವುದು ಅದಕ್ಕೆ ತಿಳಿಯುತ್ತಿತ್ತು. ಆ ಒಂಟಿ ಬಾವಲಿ ಹೊರಗಿನ ದಿನದೊಂದಿಗೇ ಹೆಜ್ಜೆ ಹಾಕಿತು. ಬೇರೆ ಬಾವಲಿಗಳೇ ಇಲ್ಲದ ಗುಹೆಯಲ್ಲಿಟ್ಟಾಗ ಅದರ ಲಯ ಹೊರಗಿನ ದಿನದಿಂದ ಜಾರುತ್ತಾ ಹೋಯಿತು.

ಜಮಾಅತ್ ಎಂದರೆ ಇದೇ ಅಲ್ಲವೇ? ಕತ್ತಲಲ್ಲಿರುವ ಒಬ್ಬನಿಗೆ ಉಳಿದವರ ಓಡಾಟವೇ ಹೊತ್ತು ತಿಳಿಸುತ್ತದೆ. ಊರೆಲ್ಲ ಇಶಾ ಮುಗಿಸಿ ಉಂಡು ಮಲಗಿದರೆ ಒಬ್ಬ ಹುಡುಗ ಎಷ್ಟು ಹೊತ್ತು ಒಬ್ಬನೇ ಎಚ್ಚರವಿರುತ್ತಾನೆ? ಊರೇ ಹನ್ನೆರಡರವರೆಗೆ ಎಚ್ಚರವಿದ್ದರೆ ಹುಡುಗನನ್ನು ಮಾತ್ರ ಬೈದು ಏನು ಪ್ರಯೋಜನ? ಇಶಾದ ಮುಂಚೆ ಮಲಗುವುದನ್ನೂ ಇಶಾದ ನಂತರ ಹರಟುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ ಎಂದು ಅಬೂಬರ್‌ಝಾ(ರ)ರಿಂದ ವರದಿಯಾಗಿದೆ. ಅದು ಒಬ್ಬರಿಗೆ ಕೊಟ್ಟ ಉಪದೇಶವಾಗಿ ಉಳಿಯದೆ ಮದೀನಾದ ಊರಿನ ಲಯವಾಗಿತ್ತು.

ಈಗ ನಮ್ಮ ಲಯವನ್ನು ನೋಡೋಣ. ಕಳೆದ ವರ್ಷ ನಮ್ಮ ಮಸೀದಿಯ ವಾರ್ಷಿಕ ಕಾರ್ಯಕ್ರಮದಲ್ಲಿ ಕೊನೆಯ ಭಾಷಣ ಮುಗಿದಾಗ ಹನ್ನೊಂದು ಮುಕ್ಕಾಲು. ಆಮೇಲೆ ಊಟ. ಮಕ್ಕಳು ಚಾಪೆಯ ಮೇಲೆ ಮಲಗಿದ್ದರು, ಎಬ್ಬಿಸಿ ಉಣಿಸಿದೆವು. ಮರುದಿನ ಫಜ್ರ್‌ಗೆ ಏಳು ಜನ. ಆ ಕೊನೆಯ ಭಾಷಣ ನಮ್ಮದೇ, ಅದರ ವಿಷಯ ನಮಾಝಿನ ಮಹತ್ವ. ನಮ್ಮ ಮದುವೆಯ ಔತಣಗಳೂ ಹೀಗೆಯೇ.

ಇನ್ನು ಕೊಲ್ಲಿಯಲ್ಲಿ ದುಡಿಯುವವರ ಮನೆಗಳು. ಸೌದಿಯಲ್ಲಿ ತಂದೆ ಕೆಲಸ ಮುಗಿಸಿ, ಅಡುಗೆ ಮಾಡಿ ಉಂಡು ಹತ್ತೂವರೆಗೆ ಫೋನ್ ಮಾಡಿದರೆ ಇಲ್ಲಿ ರಾತ್ರಿ ಒಂದು ಗಂಟೆ. ಆ ಕರೆಗಾಗಿ ತಾಯಿಯೂ ಮಕ್ಕಳೂ ಎಚ್ಚರವಿರುತ್ತಾರೆ. ಎಚ್ಚರವಿದ್ದವರಿಗೆ ಹಸಿವಾಗುತ್ತದೆ. ಯಾರನ್ನು ದೂರುವುದು? ದೂರುವ ಬದಲು ಹೀಗೆ ಯೋಚಿಸಬಹುದು: ಸೌದಿಯಲ್ಲಿ ಬೆಳಗ್ಗೆ ಐದೂವರೆ ಎಂದರೆ ಇಲ್ಲಿ ಎಂಟು, ಮಕ್ಕಳು ಸಮವಸ್ತ್ರ ಹಾಕಿ ನಿಂತಿರುವ ಹೊತ್ತು. ಫಜ್ರ್ ಮುಗಿಸಿದ ತಂದೆ ಆ ಐದು ನಿಮಿಷದಲ್ಲಿ ಮಕ್ಕಳ ಮುಖ ನೋಡಬಹುದು.

ಮನೆಯೊಳಗೆ ಇನ್ನೊಬ್ಬರಿದ್ದಾರೆ. ಮಗ ರಾತ್ರಿ ಒಂದಕ್ಕೆ ಬೈಕ್ ನಿಲ್ಲಿಸುವ ಸದ್ದು ಕೇಳಿ ಎದ್ದು ಸಾರು ಬಿಸಿ ಮಾಡುವ ಉಮ್ಮ. ಅವರು ನಾಲ್ಕೂವರೆಗೆ ಮತ್ತೆ ಏಳುತ್ತಾರೆ. ಮಗನ ನಿದ್ದೆ ಹತ್ತಕ್ಕೆ ಮುಗಿಯುತ್ತದೆ. ತಾಯಿಯ ನಿದ್ದೆಯ ಸಾಲವನ್ನು ಯಾರು ತೀರಿಸುತ್ತಾರೆ? ಯುವಕರೇ, ನಿಮ್ಮ ಗಡಿಯಾರದ ಬೆಲೆಯನ್ನು ತೆರುತ್ತಿರುವವರು ನೀವೊಬ್ಬರೇ ಅಲ್ಲ.

ನಿರ್ವಾಹವಿಲ್ಲದೆ ಎಚ್ಚರವಿರುವವರು

ನಮ್ಮ ತಪ್ಪು ಇದ್ದದ್ದು ಇಲ್ಲಿ. ರಾತ್ರಿ ಎಚ್ಚರವಿರುವವರೆಲ್ಲರನ್ನೂ ಒಂದೇ ಸಫ್‌ನಲ್ಲಿ ನಿಲ್ಲಿಸಿದೆವು. ಹರಟೆಗಾಗಿ ಎಚ್ಚರವಿರುವವನು ಬೇರೆ, ದುಡಿಮೆಗಾಗಿ ಎಚ್ಚರವಿರುವವನು ಬೇರೆ. ನಮ್ಮ ಜಮಾಅತಿನಲ್ಲಿ ಎಣಿಸಿ ನೋಡಿದೆವು: ಆಸ್ಪತ್ರೆಯಲ್ಲಿ ದುಡಿಯುವವರು, ವಾಚ್‌ಮನ್‌ಗಳು, ಲಾರಿ ಮತ್ತು ಬಸ್ಸಿನ ಚಾಲಕರು, ಬೆಳಗಿನ ಜಾವಕ್ಕೆ ಮೊದಲೇ ಧಕ್ಕೆಗೆ ಹೋಗುವ ಮೀನು ವ್ಯಾಪಾರಿಗಳು, ಬೆಂಗಳೂರಿನಲ್ಲಿ ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಮಕ್ಕಳು. ನಾವು ನೆಮ್ಮದಿಯಿಂದ ಮಲಗುವುದು ಇವರು ಎಚ್ಚರವಿರುವುದರಿಂದ.

ಸೂರಃ ಅರ‍್ರೂಮ್‌ನಲ್ಲಿ ಅಲ್ಲಾಹನು ತನ್ನ ದೃಷ್ಟಾಂತಗಳನ್ನು ಎಣಿಸುವಾಗ ರಾತ್ರಿಯ ನಿದ್ದೆಯನ್ನೂ ಹಗಲಿನ ನಿದ್ದೆಯನ್ನೂ ಜೊತೆಗೇ ಹೇಳುತ್ತಾನೆ, ಅವನ ಅನುಗ್ರಹವನ್ನು ಅರಸುವ ದುಡಿಮೆಯನ್ನೂ ಅದರೊಂದಿಗೇ ಸೇರಿಸುತ್ತಾನೆ. ಆ ವಚನವನ್ನು ನಾವು ನೂರಾರು ಸಲ ಓದಿದ್ದೇವೆ. ಹಗಲಿನ ನಿದ್ದೆ ಎಂಬ ಪದ ಈ ಬಾರಿ ಮಾತ್ರ ಕಣ್ಣಿಗೆ ಬಿತ್ತು. ಆ ಯುವಕನ ಹತ್ತು ಗಂಟೆಯ ನಿದ್ದೆಯೂ ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿದ್ದು. ಅದನ್ನು ನಾವು ಸೋಮಾರಿತನ ಎಂದು ಕರೆದೆವು. ಅಲ್ಲಾಹನು ನಮ್ಮನ್ನು ಕ್ಷಮಿಸಲಿ. ಆ ಯುವಕನಲ್ಲಿ ಅಂದೇ ಕ್ಷಮೆ ಕೇಳಿದೆವು. ಮಾತು ಎಲ್ಲರ ಮುಂದೆ ಆಡಿದ್ದರಿಂದ, ಅವನಲ್ಲಿಯೂ ಅವನಂಥ ಎಲ್ಲರಲ್ಲಿಯೂ ಎಲ್ಲರ ಮುಂದೆಯೇ ಮತ್ತೊಮ್ಮೆ ಕ್ಷಮೆ ಕೇಳುತ್ತೇವೆ.

ರಾತ್ರಿ ಪಾಳಿ ಹಗುರವಾದ ಹೊರೆಯಲ್ಲ. ದೀರ್ಘಕಾಲದ ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲವುಗಳ ಪಟ್ಟಿಯಲ್ಲಿ ಇಟ್ಟಿದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಇವರ ಹಗಲನ್ನು ಕಾಯುವ ಹೊಣೆ ನಮ್ಮದು ಎಂದು ತಿಳಿಸಲು ಹೇಳುತ್ತಿದ್ದೇವೆ.

ಎರಡನೇ ಖುತ್ಬಾ

ಮಾನ್ಯ ಸಹೋದರರೇ, ಇನ್ನು ಮಾಡಬೇಕಾದ ಕೆಲಸಗಳನ್ನು ಹೇಳಿ ಮುಗಿಸುತ್ತೇವೆ.

ರಾತ್ರಿ ಪಾಳಿಯವರಿಗೆ: ಡ್ಯೂಟಿಗೆ ಹೊರಡುವ ಮೊದಲೇ ಊಟ ಮುಗಿಸಿ. ನಡುರಾತ್ರಿಯಲ್ಲಿ ದೊಡ್ಡ ಊಟ ಬೇಡ. ಏನಾದರೂ ಬೇಕೇ ಬೇಕೆನಿಸಿದರೆ ಹಗುರವಾದದ್ದು ಸ್ವಲ್ಪ ಸಾಕು. ಬೆಳಗ್ಗೆ ಮನೆಗೆ ಬಂದು ಉಪಾಹಾರ ಮಾಡಿ, ಕಿಟಕಿಗೆ ದಪ್ಪ ಪರದೆ ಹಾಕಿ ಮಲಗಿ. ನಮ್ಮ ಊರಿನಲ್ಲಿ ಝುಹರ್‌ನ ಸಮಯ ಮಧ್ಯಾಹ್ನ ಮೂರರ ನಂತರವೂ ಇದೆ. ಒಂಬತ್ತಕ್ಕೆ ಮಲಗಿದವರು ಎರಡೂ ಮುಕ್ಕಾಲಿಗೆ ಅಲಾರಂ ಇಟ್ಟು ಎದ್ದರೆ ಐದೂ ಮುಕ್ಕಾಲು ಗಂಟೆಯ ನಿದ್ದೆಯೂ ಆಯಿತು, ಝುಹರ್ ತನ್ನ ಸಮಯದಲ್ಲೇ ಆಯಿತು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ನಮ್ಮ ಮಾತು ಕೇಳಿ ಊಟದ ಹೊತ್ತು ಬದಲಿಸಬೇಡಿ. ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಅವರ ನೆರೆಹೊರೆಯವರಿಗೆ: ಹಗಲು ಮಲಗಿದವನ ಮನೆಯ ಮುಂದೆ ಹಾರ್ನ್ ಹೊಡೆಯಬೇಡಿ. ನಿದ್ದೆ ಕಾಯುವುದೂ ನೆರೆಯವನ ಹಕ್ಕನ್ನು ಕೊಟ್ಟಂತೆಯೇ.

ಉಳಿದ ನಮಗೆಲ್ಲ: ರಾತ್ರಿಯ ಊಟ ಇಶಾದ ಆಸುಪಾಸಿನಲ್ಲೇ ಮುಗಿಯಲಿ. ಮಲಗುವ ಕೋಣೆಗೆ ಮೊಬೈಲ್ ಬೇಡ. ಬೆಳಗ್ಗೆ ಫಜ್ರ್‌ಗೆ ಮಸೀದಿಗೆ ನಡೆದು ಬಂದು ಮೂಡುವ ಬೆಳಕಿನಲ್ಲಿ ಮನೆಗೆ ಮರಳಿ. ಗಡಿಯಾರ ಸರಿಯಾಗುವುದು ಆ ಬೆಳಕಿನಲ್ಲಿ. ಮಧ್ಯಾಹ್ನ ಸ್ವಲ್ಪ ಹೊತ್ತು ಒರಗುವುದು, ಅಂದರೆ ಕೈಲೂಲಾ, ಸುನ್ನತ್ತು. ಹಲವು ವರ್ಷಗಳ ಅಭ್ಯಾಸ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ರಾತ್ರಿ ಒಂದರ ಹಸಿವು ಕಲಿತದ್ದು. ಕಲಿತದ್ದನ್ನು ಮರೆಯಲೂ ಬರುತ್ತದೆ.

ರಮಝಾನ್ ದೂರವಿಲ್ಲ. ಆ ತಿಂಗಳು ಊಟ ರಾತ್ರಿಗೆ ಸರಿಯುತ್ತದೆ ಎಂಬುದು ನಿಜ. ಆದರೆ ಮಗ್ರಿಬ್‌ನಿಂದ ಫಜ್ರ್‌ವರೆಗೆ ಬಾಯಾಡಿಸುತ್ತಲೇ ಇದ್ದು, ಹಗಲೆಲ್ಲ ಮಲಗಿ ಅಸರ್‌ಗೆ ಏಳುವುದನ್ನು ಯಾರು ಕಲಿಸಿದರು? ಇಫ್ತಾರನ್ನು ತಡಮಾಡದಿರುವುದು, ಸಹರಿಯನ್ನು ಕೊನೆಯ ಹೊತ್ತಿಗೆ ಇಡುವುದು ಪ್ರವಾದಿಚರ್ಯೆ. ಇವೆರಡರ ನಡುವೆ ನಿದ್ದೆಗೆ ಜಾಗವಿದೆ. ಖರ್ಜೂರ, ನೀರು, ಒಂದು ಬಟ್ಟಲು ಗಂಜಿ, ಹದವಾದ ಊಟ, ತರಾವೀಹ್, ನಿದ್ದೆ, ಮತ್ತೆ ಸಹರಿ. ನಮ್ಮ ಹಿರಿಯರ ರಮಝಾನ್ ಹೀಗೆಯೇ ಇತ್ತು.

ಕೊನೆಗೆ ಮಸೀದಿಯ ಮಾತು. ಆಡಳಿತ ಸಮಿತಿಯವರೊಂದಿಗೆ ಕುಳಿತು ಮಾತನಾಡಿ ಮೂರು ತೀರ್ಮಾನ ಮಾಡಿದ್ದೇವೆ. ನಮ್ಮ ಮಸೀದಿಯ ಯಾವ ಕಾರ್ಯಕ್ರಮವೂ ಇನ್ನು ರಾತ್ರಿ ಒಂಬತ್ತೂವರೆ ದಾಟುವುದಿಲ್ಲ, ಊಟ ಭಾಷಣಕ್ಕಿಂತ ಮೊದಲು. ಅದಾನ್ ಬಿಟ್ಟು ಖುತ್ಬಾ, ಬಯಾನ್‌ಗಳಿಗೆ ಹೊರಗಿನ ಮೈಕ್ ಇಲ್ಲ. ನಮ್ಮ ಮಾತು ಮಲಗಿದವರ ಮನೆಗೆ ನುಗ್ಗುವುದು ಬೇಡ. ಮೂರನೆಯದು ನಮ್ಮ ಮೇಲೆಯೇ ಹಾಕಿಕೊಂಡದ್ದು: ಯಾರು ಏಕೆ ಬರಲಿಲ್ಲ ಎಂದು ವಿಚಾರಿಸದೆ ಇನ್ನು ಮಿಂಬರ್‌ನಿಂದ ಯಾರನ್ನೂ ಸೋಮಾರಿ ಎನ್ನುವುದಿಲ್ಲ.

ಮೊನ್ನೆ ಆ ಯುವಕ ಮತ್ತೆ ಸಿಕ್ಕಿದ. ನಡುರಾತ್ರಿಯ ಪರೋಟ ಬಿಟ್ಟು ಎರಡು ವಾರವಾಯಿತಂತೆ. ಶುಗರ್ ಇಳಿಯಿತೇ ಎಂದು ಕೇಳಿದೆವು. “ಇನ್ನೂ ಪರೀಕ್ಷೆ ಮಾಡಿಸಿಲ್ಲ ಉಸ್ತಾದ್. ಆದರೆ ಬೆಳಗ್ಗೆ ಮನೆಗೆ ಬಂದಾಗ ಹಸಿವಾಗುತ್ತದೆ. ಉಮ್ಮನ ಜೊತೆ ಕುಳಿತು ತಿನ್ನುತ್ತೇನೆ” ಎಂದ. ಅಷ್ಟು ಕೇಳಿದ್ದೇ ನಮಗೆ ಸಾಕಾಯಿತು.

ಅಲ್ಲಾಹನೇ, ನಮ್ಮ ರಾತ್ರಿಗಳನ್ನು ನೆಮ್ಮದಿಯ ಹೊದಿಕೆಯನ್ನಾಗಿ ಮಾಡು, ಹಗಲುಗಳನ್ನು ಹಲಾಲ್ ದುಡಿಮೆಯಿಂದ ತುಂಬು. ನಮಗಾಗಿ ರಾತ್ರಿ ಎಚ್ಚರವಿರುವವರ ಆರೋಗ್ಯವನ್ನು ಕಾಪಾಡು. ನಮ್ಮ ತಾಯಂದಿರಿಗೆ ವಿಶ್ರಾಂತಿ ಕೊಡು. ನೀನು ಕೊಟ್ಟ ದೇಹದ ಹಕ್ಕನ್ನು ಅರಿತು ನಡೆಯುವ ಬುದ್ಧಿಯನ್ನು ನಮಗೆ ಕರುಣಿಸು. ಆಮೀನ್.